ಸಂಘದ ಗಾಡಿಯ ಬ್ರೇಕ್ ಪೆಡಲ್ ಮೆತ್ತಗಾದರೆ



ಹಪ್ಪಳ, ಉಪ್ಪಿನಕಾಯಿ, ತರಕಾರಿ, ಹೂವು ಎಂದು ಸಣ್ಣ ಉದ್ಯೋಗ ನಡೆಸುವ ಕೆಲವು ಸಂಘಗಳು ಪ್ರತಿ ಸಂತೆಗೂ ಬಾಡಿಗೆ ಕೊಟ್ಟು ಸಾಕಾಗಿ, ಸಾಲ ಮಾಡಿ ಸ್ವಂತ ಗಾಡಿ ತೆಗೆದುಕೊಂಡಿವೆ. ಹೊಸ ಗಾಡಿ ಕೈಗೆಟುಕುವುದಿಲ್ಲ. ಹಾಗಾಗಿ ಅಂಗಳಕ್ಕೆ ಬರುವುದು ಹೆಚ್ಚಾಗಿ ಹಳೇ ಓಮ್ನಿ. ಮಾರುತಿ ಕಂಪೆನಿ 1984ರಲ್ಲಿ ಶುರು ಮಾಡಿದ ಈ ವ್ಯಾನಿನ ತಯಾರಿ 2019ರಲ್ಲಿ ನಿಂತಿತು. ಅಂದರೆ ಈಗ ರಸ್ತೆಯಲ್ಲಿ ಕಾಣುವ ಯಾವ ಓಮ್ನಿಯೂ ಹೊಸತಲ್ಲ. ಅದರ ರಬ್ಬರು, ಪೈಪು, ಸಿಲಿಂಡರು ಎಲ್ಲಕ್ಕೂ ವಯಸ್ಸಾಗಿದೆ.

ಗಾಡಿ ಕೊಳ್ಳುವಾಗ ನಾವು ಕಾಗದಪತ್ರ ನೋಡುತ್ತೇವೆ, ಟಯರ್ ನೋಡುತ್ತೇವೆ, ಸೀಟ್ ಕವರ್ ಕೂಡ ನೋಡುತ್ತೇವೆ. ಬ್ರೇಕ್ ಪೆಡಲ್ ಒತ್ತಿ ನೋಡಿದಿರಾ ಎಂದು ಸಭೆಯಲ್ಲಿ ಕೇಳಿದರೆ ಸಿಗುವ ಉತ್ತರ, "ಅದೆಲ್ಲ ಡ್ರೈವರ್‌ಗೆ ಗೊತ್ತುಂಟು ಸಿಸ್ಟರ್." ಡ್ರೈವರನ್ನು ಕೇಳಿದರೆ ಅವರ ಉತ್ತರವೂ ತಯಾರು: "ಸ್ವಲ್ಪ ಮೆತ್ತಗಿದೆ, ಎರಡು ಸಲ ಪಂಪ್ ಮಾಡಿದ್ರೆ ಹಿಡೀತದೆ. ಹಳೇ ಗಾಡಿ ಅಲ್ವಾ?"

ಈ ಮಾತನ್ನು ಒಪ್ಪಬೇಡಿ. ಗಾಡಿ ಹಳತಾದರೆ ಸೀಟು ಹರಿಯಬಹುದು, ಬಣ್ಣ ಮಾಸಬಹುದು. ಆದರೆ ಬ್ರೇಕ್ ಪೆಡಲ್ ಮೆತ್ತಗಾಗುವುದು ವಯಸ್ಸಿನ ಗುಣ ಅಲ್ಲ, ರಿಪೇರಿ ಆಗಬೇಕಾದ ದೋಷ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಮುಂದೆ ಹೋಗುತ್ತದೆ, ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದ. ಎರಡನೇ ಸಲ ಪಂಪ್ ಮಾಡುವಷ್ಟರಲ್ಲಿ ರಸ್ತೆ ದಾಟುತ್ತಿದ್ದ ಮಗು ಎಲ್ಲಿರುತ್ತದೆ, ನೀವೇ ಯೋಚಿಸಿ. ಆರ್‌ಸಿ ಯಾರ ಹೆಸರಿನಲ್ಲೇ ಇರಲಿ, ಸಾಲದ ಕಂತು ನಿಮ್ಮೆಲ್ಲರದು, ಹಿಂದಿನ ಸೀಟಿನಲ್ಲಿ ಕೂರುವವರೂ ನೀವೇ. ನೀವು ಮೆಕ್ಯಾನಿಕ್ ಆಗಬೇಕಾಗಿಲ್ಲ. ಆದರೆ ದೋಷ ಯಾವ ಜಾಗದಲ್ಲಿರಬಹುದು ಎಂದು ತಿಳಿದು ಗ್ಯಾರೇಜಿಗೆ ಹೋಗುವುದಕ್ಕೂ, "ಏನೋ ಆಗಿದೆ ಅಣ್ಣ, ನೋಡಿ" ಎಂದು ಹೋಗುವುದಕ್ಕೂ ಬಹಳ ವ್ಯತ್ಯಾಸ ಉಂಟು.

ಪೆಡಲಿನ ಅಡಿಯಲ್ಲಿ ಏನಾಗುತ್ತದೆ?

ಚಕ್ಕುಲಿ ಒರಳು ಎಲ್ಲರ ಮನೆಯಲ್ಲೂ ಇರುತ್ತದೆ. ಹಿಟ್ಟು ಗಟ್ಟಿಯಾಗಿ ತುಂಬಿದ್ದರೆ ಮೇಲಿನಿಂದ ಒತ್ತಿದ ಕೂಡಲೇ ಕೆಳಗೆ ಚಕ್ಕುಲಿ ಬರುತ್ತದೆ. ನಡುವೆ ಗಾಳಿ ಸೇರಿದ್ದರೆ ಕೈ ಕೆಳಗೆ ಹೋಗುತ್ತದೆ, ಚಕ್ಕುಲಿ ಬರುವುದಿಲ್ಲ. ಬ್ರೇಕ್ ಕೂಡ ಹೀಗೆಯೇ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಂಬ ಪಂಪು ಬ್ರೇಕ್ ಆಯಿಲನ್ನು ಸಣ್ಣ ಪೈಪುಗಳಲ್ಲಿ ನಾಲ್ಕು ಚಕ್ರಗಳಿಗೂ ತಳ್ಳುತ್ತದೆ. ಮುಂದಿನ ಚಕ್ರದಲ್ಲಿ ಡಿಸ್ಕ್ ಇದ್ದರೆ ಎರಡು ಪ್ಯಾಡ್‌ಗಳು ಅದನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ಹಿಂದಿನ ಡ್ರಮ್ಮಿನೊಳಗೆ ವೀಲ್ ಸಿಲಿಂಡರ್ ಎಂಬ ಸಣ್ಣ ಭಾಗ ಎರಡು ಬ್ರೇಕ್ ಶೂಗಳನ್ನು ಹೊರಗೆ ತಳ್ಳುತ್ತದೆ. ಆಯಿಲನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ, ಆದ್ದರಿಂದಲೇ ಒತ್ತಡ ಚಕ್ರದವರೆಗೆ ತಲುಪುತ್ತದೆ. ಗಾಳಿ ಕುಗ್ಗುತ್ತದೆ. ಸೂಜಿ ಇಲ್ಲದ ಸಿರಿಂಜಿಗೆ ನೀರು ತುಂಬಿ, ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಒತ್ತಿ ನೋಡಿ, ಅಲುಗುವುದಿಲ್ಲ. ಗಾಳಿ ತುಂಬಿ ಒತ್ತಿ, ಸ್ಪಂಜಿನ ಹಾಗೆ ಒಳಗೆ ಹೋಗಿ ಬರುತ್ತದೆ. ಪೆಡಲ್ ಮೆತ್ತಗಾಗಿದೆ ಅಂದರೆ ಒಂದೋ ಪೈಪಿನಲ್ಲಿ ಗಾಳಿ ಸೇರಿದೆ, ಅಥವಾ ಆಯಿಲ್ ಎಲ್ಲೋ ಸೋರುತ್ತಿದೆ, ಅಥವಾ ರಬ್ಬರ್ ಹೋಸ್ ಉಬ್ಬುತ್ತಿದೆ, ಇಲ್ಲದಿದ್ದರೆ ಹಿಂದಿನ ಶೂ ಸವೆದು ಡ್ರಮ್ಮಿನಿಂದ ದೂರವಾಗಿದೆ.

ಅಂಗಳದಲ್ಲೇ ಪರೀಕ್ಷೆ ಮಾಡಿ

ಇದಕ್ಕೆ ಉಪಕರಣ ಬೇಡ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಇಡಿ. ಇಬ್ಬರು ಇರಿ, ಒಬ್ಬರು ಪೆಡಲ್ ಒತ್ತಲು, ಇನ್ನೊಬ್ಬರು ನೋಡಲು.

ಮೊದಲು ಬ್ರೇಕ್ ಆಯಿಲ್ ಡಬ್ಬಿ. ಅದು ಎಲ್ಲಿದೆ ಎಂದು ಡ್ರೈವರ್ ಬಳಿ ಒಮ್ಮೆ ಕೇಳಿ ತಿಳಿದುಕೊಳ್ಳಿ. ಡಬ್ಬಿಯ ಮೇಲೆ ಮಿನ್, ಮ್ಯಾಕ್ಸ್ ಎಂದು ಎರಡು ಗೆರೆ ಇರುತ್ತವೆ, ಆಯಿಲ್ ಇವೆರಡರ ನಡುವೆ ಇರಬೇಕು. ಹೊಸ ಆಯಿಲ್ ತಿಳಿ ಹಳದಿ ಬಣ್ಣ. ಕಷಾಯದಂತೆ ಕಪ್ಪಗಾಗಿದ್ದರೆ ವರ್ಷಗಟ್ಟಲೆ ಬದಲಾಯಿಸಿಲ್ಲ ಎಂದು ಅರ್ಥ. ಇಲ್ಲಿ ಒಂದು ಮಾತು ಗಮನಿಸಿ. ಮುಂದಿನ ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ತಿಂಗಳುಗಟ್ಟಲೆಯಲ್ಲಿ ನಿಧಾನವಾಗಿ ಇಳಿಯುವುದು ಸಹಜ. ಆದರೆ ವಾರಕ್ಕೆ, ಹದಿನೈದು ದಿನಕ್ಕೆ ಇಳಿದರೆ ಅದು ಸೋರಿಕೆಯೇ. ಮೇಲಿನಿಂದ ತುಂಬಿಸುತ್ತಾ ಹೋಗುವುದು ತಳ ತೂತಾದ ಕೊಡಕ್ಕೆ ನೀರು ಹೊಯ್ದ ಹಾಗೆ.

ಎರಡನೆಯದು ಪೆಡಲ್. ಎಂಜಿನ್ ಆಫ್ ಮಾಡಿ, ಪೆಡಲನ್ನು ಐದಾರು ಸಲ ಒತ್ತಿ ಬಿಡಿ. ಬೂಸ್ಟರಿನಲ್ಲಿ ಉಳಿದಿದ್ದ ಬಲ ಆಗ ಖಾಲಿಯಾಗುತ್ತದೆ. ಹಾಗೆ ಮಾಡದೆ ಪರೀಕ್ಷೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಅರ್ಧ ನಿಮಿಷ ಬಿಟ್ಟು ಒಮ್ಮೆ ನಿಧಾನವಾಗಿ ಒತ್ತಿ, ಎಷ್ಟು ಕೆಳಗೆ ಹೋಯಿತು ನೋಡಿ. ಆಮೇಲೆ ಬೇಗಬೇಗ ಮೂರು ನಾಲ್ಕು ಸಲ ಒತ್ತಿ. ಪೆಡಲ್ ಮೇಲೆ ಬಂದು ಗಟ್ಟಿಯಾದರೆ, ಒಂದೋ ಪೈಪಿನಲ್ಲಿ ಗಾಳಿ ಇದೆ, ಇಲ್ಲವೇ ಹಿಂದಿನ ಶೂ ಡ್ರಮ್ಮಿನಿಂದ ದೂರ ಇದೆ.

ಇವೆರಡರಲ್ಲಿ ಯಾವುದು? ಹ್ಯಾಂಡ್ ಬ್ರೇಕನ್ನು ಗಟ್ಟಿಯಾಗಿ ಎಳೆದು ಮತ್ತೆ ಪೆಡಲ್ ಒತ್ತಿ. ಹ್ಯಾಂಡ್ ಬ್ರೇಕ್ ಹಿಂದಿನ ಶೂಗಳನ್ನು ಡ್ರಮ್ಮಿನ ಹತ್ತಿರ ತಂದು ಹಿಡಿಯುತ್ತದೆ. ಈಗ ಪೆಡಲ್ ಮೊದಲಿಗಿಂತ ಮೇಲೆಯೇ ಗಟ್ಟಿಯಾಗಿ ನಿಂತರೆ ಹಿಂದಿನ ಶೂ ಅಡ್ಜಸ್ಟ್‌ಮೆಂಟ್ ಹೋಗಿದೆ ಅಥವಾ ಶೂ ಸವೆದಿದೆ. ಇದು ಸಣ್ಣ ಕೆಲಸ. ಏನೂ ವ್ಯತ್ಯಾಸ ಆಗದೆ ಸ್ಪಂಜಿನ ಹಾಗೆಯೇ ಇದ್ದರೆ ಗಾಳಿಯ ಮೇಲೆ ಅನುಮಾನ ಹೆಚ್ಚು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪೆಡಲನ್ನು ಒಂದೇ ಸಮ ಬಲದಲ್ಲಿ ಒತ್ತಿ ಹಿಡಿದು ಮೂವತ್ತು ಎಣಿಸಿ. ಕಾಲು ಇದ್ದಲ್ಲೇ ಇರಬೇಕು. ಎಣಿಸುತ್ತಾ ಇರುವಾಗಲೇ ಪೆಡಲ್ ಮೆಲ್ಲಗೆ ಕೆಳಗೆ ಜಾರಿದರೆ, ಆಯಿಲ್ ಹೊರಗೆ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದು ಆಯಿಲ್ ಒಳಗಿಂದೊಳಗೆ ಹಿಂದಕ್ಕೆ ಹೋಗುತ್ತಿದೆ. ಹೀಗೆ ಜಾರುವ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕನ್ನೇ ಕರೆಸಿ. ಸಂತೆಗೆ ಒಂದು ವಾರ ಬಾಡಿಗೆ ರಿಕ್ಷಾದಲ್ಲಿ ಹೋದರೆ ನಷ್ಟ ಅಷ್ಟೇನೂ ಇಲ್ಲ.

ಇನ್ನೊಂದು ವಿಷಯಕ್ಕೆ ಹಲವರು ಸುಮ್ಮನೆ ಹೆದರುತ್ತಾರೆ. ಬೂಸ್ಟರ್ ಇರುವ ಗಾಡಿಯಲ್ಲಿ ಪೆಡಲ್ ಒತ್ತಿ ಹಿಡಿದುಕೊಂಡು ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗೆ ಇಳಿಯುತ್ತದೆ. ಅದು ದೋಷ ಅಲ್ಲ, ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬ ಗುರುತು. ಇಳಿದು ನಿಲ್ಲಬೇಕು, ಅಷ್ಟೇ. ಇಳಿಯುತ್ತಲೇ ಹೋಗಬಾರದು.

ಆಮೇಲೆ ಟಾರ್ಚ್ ಹಿಡಿದು ನಾಲ್ಕೂ ಚಕ್ರಗಳ ಒಳಬದಿ ನೋಡಿ. ಎಲ್ಲಿಯಾದರೂ ಒದ್ದೆ ಇದೆಯಾ? ಓಮ್ನಿಯಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವುದರಿಂದ ಅಲ್ಲಿ ಎರಡು ತರದ ಎಣ್ಣೆ ಸೋರಬಹುದು. ಬೆರಳಿಗೆ ತಾಗಿಸಿ ನೋಡಿ. ದಪ್ಪಗೆ, ಅಂಟಂಟಾಗಿ, ಮೂಗಿಗೆ ಹೊಡೆಯುವ ವಾಸನೆ ಇದ್ದರೆ ಅದು ಗೇರ್ ಆಯಿಲ್. ತೆಳ್ಳಗೆ ಜಾರುವಂತಿದ್ದು ಅಂಥ ವಾಸನೆ ಇಲ್ಲದಿದ್ದರೆ ಬ್ರೇಕ್ ಆಯಿಲ್. ಯಾವುದಾದರೂ ಶೂ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ನೋಡಿ ಆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಬ್ರೇಕ್ ಆಯಿಲ್ ವಿಷ. ಮುಂದಿನ ಚಕ್ರದ ಹತ್ತಿರ ಇರುವ ರಬ್ಬರ್ ಹೋಸನ್ನೂ ನೋಡಿ. ಒಬ್ಬರು ಪೆಡಲ್ ಜೋರಾಗಿ ಒತ್ತಿದಾಗ ಹೋಸ್ ಉಬ್ಬಿದರೆ, ಅಥವಾ ಮೇಲೆ ಬಿರುಕು ಬಿಟ್ಟಿದ್ದರೆ, ಬದಲಾಯಿಸಲೇಬೇಕು. ಟೇಪು ಸುತ್ತುವ ವಸ್ತು ಅಲ್ಲ ಅದು.

ಆಯಿಲ್ ಕಡಿಮೆಯಾಗುತ್ತಾ ಇದೆ, ಆದರೆ ಎಲ್ಲಿಯೂ ಒದ್ದೆ ಕಾಣುವುದಿಲ್ಲ ಎಂದರೆ? ಆಗ ಮಾಸ್ಟರ್ ಸಿಲಿಂಡರಿನ ಹಿಂಬದಿಯ ರಬ್ಬರಿನಿಂದ ಸೋರಿ ಬೂಸ್ಟರಿನೊಳಗೆ ಸೇರುತ್ತಿರಬಹುದು. ಮೆಕ್ಯಾನಿಕ್‌ಗೆ ಈ ಒಂದು ಮಾತು ಹೇಳಿದರೆ ಸಾಕು, ಅವರಿಗೆ ಅರ್ಥ ಆಗುತ್ತದೆ. ನಿಮ್ಮನ್ನು ನೋಡುವ ರೀತಿಯೂ ಸ್ವಲ್ಪ ಬದಲಾಗುತ್ತದೆ!

ಘಾಟಿಯಲ್ಲಿ ಮಾತ್ರ ಮೆತ್ತಗಾದರೆ

ಕೆಲವು ಗಾಡಿಗಳಲ್ಲಿ ಊರಲ್ಲಿ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಚಾರ್ಮಾಡಿಯಲ್ಲೋ, 14 ತಿರುವುಗಳ ಆಗುಂಬೆಯಲ್ಲೋ ಇಳಿಯುವಾಗ ಅರ್ಧ ದಾರಿಯಲ್ಲಿ ನೆಲಕ್ಕೆ ಹೋಗುತ್ತದೆ. ಒಂದು ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಜನ ಇದಕ್ಕೆ ಏನೇನೋ ಕಾರಣ ಹೇಳುತ್ತಾರೆ. ನಿಜವಾದ ಕಾರಣ ಬ್ರೇಕ್ ಆಯಿಲಿಗೆ ಸೇರಿದ ನೀರು.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಬಗ್ಗೆ ಹೇಳಬೇಕಾ! ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅದಕ್ಕೆ ನೂರಕ್ಕೆ ನಾಲ್ಕು ಪಾಲಿಗಿಂತಲೂ ಕಡಿಮೆ ನೀರು ಸೇರಿದರೆ ಸಾಕು, ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ ಹೊಸತಕ್ಕೆ 230, ನೀರು ಸೇರಿದ್ದಕ್ಕೆ 155. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಚಕ್ರದ ಬಳಿ ಅಷ್ಟು ಬಿಸಿ ಏರುವುದು ಕಷ್ಟವೇನಲ್ಲ. ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಅಂದರೆ ಗಾಳಿಯ ಹಾಗೆಯೇ, ಒತ್ತಿದರೆ ಕುಗ್ಗುತ್ತದೆ, ಪೆಡಲ್ ಪೊಳ್ಳಾಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಅದಕ್ಕೇ ಗ್ಯಾರೇಜಿನಲ್ಲಿ ತೋರಿಸಿದಾಗ "ಏನೂ ತೊಂದರೆ ಇಲ್ಲ" ಎನ್ನುತ್ತಾರೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಅದು ಬೇರೆ ವಿಷಯ. ಆಗ ಪ್ಯಾಡು, ಶೂ ವಿಪರೀತ ಬಿಸಿಯಾಗಿ ಹಿಡಿತ ಕಳೆದುಕೊಂಡಿವೆ. ಎರಡರಲ್ಲಿ ಯಾವುದಾಯಿತು ಎಂದು ಡ್ರೈವರ್ ನೆನಪಿಟ್ಟು ಹೇಳಬೇಕು.

ಪರಿಹಾರ ದುಬಾರಿ ಅಲ್ಲ. ಎರಡು ವರ್ಷಕ್ಕೊಮ್ಮೆ ಹಳೇ ಆಯಿಲನ್ನು ಪೂರ್ತಿ ತೆಗೆದು ಹೊಸತು ಹಾಕಿಸುವುದು. ಜೊತೆಗೆ ಡ್ರೈವರ್‌ಗೆ ಕಟ್ಟುನಿಟ್ಟಾಗಿ ಹೇಳಿ, ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸ ನಮ್ಮ ಕಡೆ ಬಹಳ ಉಂಟು. ಹಾಗೆ ಮಾಡಿದರೆ ಗಾಡಿಯ ಭಾರವನ್ನೆಲ್ಲ ಬ್ರೇಕ್ ಒಂದೇ ತಡೆಯಬೇಕಾಗುತ್ತದೆ. ಸಂತೆಯ ಚೀಲಗಳನ್ನು ಮಿತಿಮೀರಿ ತುಂಬಿದ್ದರೆ ಕೇಳುವುದೇ ಬೇಡ.

ದಾರಿಯಲ್ಲೇ ಪೆಡಲ್ ಕೆಳಗೆ ಹೋದರೆ ಏನು ಮಾಡಬೇಕು ಎಂದೂ ಡ್ರೈವರ್ ಬಳಿ ಮೊದಲೇ ಮಾತಾಡಿಡಿ. ಬೇಗಬೇಗ ಪಂಪ್ ಮಾಡುವುದು, ಒಂದೊಂದೇ ಗೇರ್ ಇಳಿಸುವುದು, ಹ್ಯಾಂಡ್ ಬ್ರೇಕನ್ನು ಬಟನ್ ಒತ್ತಿಯೇ ಹಿಡಿದು ಸ್ವಲ್ಪ ಸ್ವಲ್ಪವಾಗಿ ಎಳೆಯುವುದು. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಕಚ್ಚಿ ಗಾಡಿ ತಿರುಗಿಬಿಡಬಹುದು. ನಿಲ್ಲುವವರೆಗೆ ಎಂಜಿನ್ ಆಫ್ ಮಾಡಬಾರದು. ಈಗಿನ ಕಾರುಗಳಲ್ಲಿ ಬ್ರೇಕ್ ಆಯಿಲ್ ಎರಡು ಬೇರೆ ಬೇರೆ ದಾರಿಯಲ್ಲಿ ಹೋಗುತ್ತದೆ, ಒಂದು ಕೆಟ್ಟರೂ ಇನ್ನೊಂದು ಉಳಿಯಲಿ ಎಂದು. ಆಗ ಪೆಡಲ್ ತುಂಬಾ ಕೆಳಗೆ ಹೋದ ಮೇಲೆ ಅಷ್ಟಿಷ್ಟು ಬ್ರೇಕ್ ಸಿಗುತ್ತದೆ. ಸಿಕ್ಕಿತಲ್ಲ ಎಂದು ಪ್ರಯಾಣ ಮುಂದುವರಿಸಬಾರದು, ಉಳಿದದ್ದು ಅದೊಂದೇ.

ಗಾಳಿ ತೆಗೆಯುವ ಕೆಲಸ

ಇದಕ್ಕೆ ಗ್ಯಾರೇಜಿನವರು ಬ್ಲೀಡಿಂಗ್ ಎನ್ನುತ್ತಾರೆ, ಏರ್ ತೆಗೆಯುವುದು ಎಂದೂ ಹೇಳುತ್ತಾರೆ. ನೀವೇ ಮಾಡಿ ಎಂದು ನಾನು ಹೇಳುವುದಿಲ್ಲ, ಆದರೆ ಎದುರು ನಿಂತು ನೋಡಿ. ಪ್ರತಿ ಚಕ್ರದ ಒಳಬದಿಯಲ್ಲಿ ಒಂದು ಸಣ್ಣ ನಿಪ್ಪಲ್ ಇರುತ್ತದೆ (ಕೆಲವು ಗಾಡಿಗಳಲ್ಲಿ ಹಿಂದಿನ ಎರಡೂ ಚಕ್ರಕ್ಕೆ ಸೇರಿ ಒಂದೇ). ಅದಕ್ಕೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಟ್ಯೂಬಿನ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸುತ್ತಾರೆ. ಒಬ್ಬರು ಪೆಡಲ್ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ನಿಪ್ಪಲ್ ಸಡಿಲಿಸುತ್ತಾರೆ. ಗಾಳಿಯ ಗುಳ್ಳೆ ಸಮೇತ ಆಯಿಲ್ ಹೊರಬರುತ್ತದೆ. ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ ಚಕ್ರಕ್ಕೆ ಬರುತ್ತಾರೆ. ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಹೇಳಿದ್ದರೆ ಅದೇ ಸರಿ.

ಎದುರು ನಿಂತವರು ಮುಖ್ಯವಾಗಿ ಗಮನಿಸಬೇಕಾದದ್ದು ಮೇಲಿನ ಡಬ್ಬಿಯನ್ನು. ಕೆಲಸದ ನಡುವೆ ಅದು ಖಾಲಿಯಾದರೆ ಗಾಳಿ ಮತ್ತೆ ಸೇರಿ, ಮಾಡಿದ್ದೆಲ್ಲ ವ್ಯರ್ಥ. ಹಳೇ ಗಾಡಿಗೆ ಇನ್ನೊಂದು ಜಾಗ್ರತೆ ಬೇಕು. ಪೆಡಲಿನ ಅಡಿಯಲ್ಲಿ ಒಂದು ಮರದ ತುಂಡು ಇಡಲು ಹೇಳಿ. ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗ ದಿನನಿತ್ಯದ ಬಳಕೆಗೆ ಬರುವುದಿಲ್ಲ, ಅಲ್ಲಿ ತುಕ್ಕು ಕೂತಿರುತ್ತದೆ. ಪೆಡಲನ್ನು ನೆಲದವರೆಗೆ ಒತ್ತಿದರೆ ಒಳಗಿನ ರಬ್ಬರ್ ಆ ಒರಟಿಗೆ ಉಜ್ಜಿ ಹರಿಯಬಹುದು. ಏರ್ ತೆಗೆಸಲು ಹೋದ ಗಾಡಿಯ ಮಾಸ್ಟರ್ ಸಿಲಿಂಡರ್ ಮಾರನೇ ವಾರ ಕೆಡುವುದು ಹೀಗೂ ಉಂಟು.

ಏರ್ ತೆಗೆದ ಮೇಲೆ ಪೆಡಲ್ ಗಟ್ಟಿಯಾಯಿತು ಅಂದುಕೊಳ್ಳಿ. ಕೆಲಸ ಮುಗಿಯಿತಾ? ಇಲ್ಲ. ಗಾಳಿ ತಾನಾಗಿ ಒಳಗೆ ಹೋಗುವುದಿಲ್ಲ. ಯಾರೋ ಪೈಪು ಬಿಚ್ಚಿರಬೇಕು, ಡಬ್ಬಿ ಖಾಲಿಯಾಗಿರಬೇಕು, ಅಥವಾ ಎಲ್ಲೋ ಸೋರಿಕೆ ಇರಬೇಕು. ಕಾರಣ ಹುಡುಕದೆ ಏರ್ ಮಾತ್ರ ತೆಗೆಸಿದರೆ ತಿಂಗಳಲ್ಲಿ ಮತ್ತೆ ಅದೇ ಕಥೆ, ಮತ್ತೆ ಅದೇ ಖರ್ಚು.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ವೀಲ್ ಸಿಲಿಂಡರ್ ಸೋರುತ್ತಿದ್ದರೆ ಒಂದು ಬದಿಯದು ಮಾತ್ರ ಬದಲಾಯಿಸಿದರೆ ಸಾಕು ಎನ್ನುತ್ತಾರೆ. ಎರಡೂ ಬದಿಗೆ ವಯಸ್ಸು ಒಂದೇ, ಆದ್ದರಿಂದ ಎರಡನ್ನೂ ಹಾಕಿಸುವುದು ನನ್ನ ಸಲಹೆ. ಆಯಿಲ್ ಕುಡಿದ ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಉಜ್ಜಿ ಹಾಕುವುದು ಬೇಡ. ಹೊಸ ಶೂ ಕೂಡ ಎರಡೂ ಬದಿಗೆ ಒಟ್ಟಿಗೇ ಆಗಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಮಾಸ್ಟರ್ ಸಿಲಿಂಡರಿಗೆ ರಬ್ಬರ್ ಕಿಟ್ ಮಾತ್ರ ಹಾಕಿದರೆ ಖರ್ಚು ಕಡಿಮೆ, ನಿಜ. ಆದರೆ ಒಳಗೆ ಗೀರು, ತುಕ್ಕಿನ ಗುಳಿ ಇದ್ದರೆ ಹೊಸ ರಬ್ಬರೂ ಬೇಗ ಹೋಗುತ್ತದೆ. ಬಿಚ್ಚಿದಾಗ ಒಳಭಾಗ ತೋರಿಸಿ ಎಂದು ಕೇಳಿ. ಗೀರು ಕಂಡರೆ ಪೂರ್ತಿ ಹೊಸತೇ ಸರಿ. ಬದಲಾಯಿಸಿದ ಹಳೇ ಸಾಮಾನನ್ನು ಕೇಳಿ ಪಡೆದುಕೊಳ್ಳಿ, ಬಿಲ್ ಕೂಡ.

ಆಯಿಲ್ ವಿಷಯದಲ್ಲಿ ರಾಜಿ ಬೇಡ. ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದೇ ಆಗಬೇಕು, ಸೀಲ್ ಒಡೆಯದ ಡಬ್ಬಿಯಿಂದ ನಿಮ್ಮ ಎದುರೇ ಹಾಕಬೇಕು. ಅಂಗಡಿಯ ಮೂಲೆಯಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟ ಡಬ್ಬಿಯ ಆಯಿಲ್ ಆಗಲೇ ತೇವ ಕುಡಿದಿರುತ್ತದೆ. ಬ್ಲೀಡಿಂಗ್ ಮಾಡುವಾಗ ಬಾಟಲಿಗೆ ಬಂದದ್ದನ್ನು ಪುನಃ ಮೇಲೆ ಸುರಿಯಬಾರದು. ಎಂಜಿನ್ ಆಯಿಲ್ ಒಂದು ಚಮಚ ಸೇರಿದರೂ ಬ್ರೇಕಿನ ರಬ್ಬರುಗಳು ಉಬ್ಬಿಹೋಗುತ್ತವೆ. ಹಾಗೆ ಆದರೆ ಪೂರ್ತಿ ತೊಳೆದು, ರಬ್ಬರ್ ಇರುವ ಭಾಗಗಳನ್ನೆಲ್ಲ ಬದಲಾಯಿಸಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಡಬ್ಬಿಯ ಮುಚ್ಚಳ ತೆಗೆದು ಒಳಗಿನ ರಬ್ಬರ್ ನೋಡಿ. ಉಬ್ಬಿ ಸೊಟ್ಟಗಾಗಿದ್ದರೆ ಯಾರೋ ಈ ಕೆಲಸ ಮಾಡಿಟ್ಟಿದ್ದಾರೆ ಎಂದು ಅನುಮಾನಿಸಬಹುದು. ಎಬಿಎಸ್ ಇರುವ ಹೊಸ ಮಾದರಿಯ ಗಾಡಿ ನಿಮ್ಮದಾದರೆ ಬ್ಲೀಡಿಂಗಿಗೆ ಕೆಲವೊಮ್ಮೆ ಕಂಪ್ಯೂಟರ್ ಉಪಕರಣ ಬೇಕಾಗುತ್ತದೆ, ಅದು ಇರುವ ಗ್ಯಾರೇಜಿಗೇ ಹೋಗಿ.

15 ವರ್ಷ ದಾಟಿದ ಸ್ವಂತ ಬಳಕೆಯ ಕಾರಿಗೆ ತಪಾಸಣೆ ಆಗಿ ನೋಂದಣಿ ನವೀಕರಣವಾದರೆ ಅದು ಐದು ವರ್ಷ ನಡೆಯುತ್ತದೆ. "ಆರ್‌ಟಿಒ ಪಾಸ್ ಆಗಿದೆ, ಬ್ರೇಕಿಗೆ ಏನೂ ಆಗಲ್ಲ" ಎನ್ನುವವರೂ ಇದ್ದಾರೆ. ತಪಾಸಣೆ ಆ ದಿನದ ಸ್ಥಿತಿಯನ್ನು ಮಾತ್ರ ಹೇಳುತ್ತದೆ.

ರಿಪೇರಿ ಆಗಿ ಬಂದ ಗಾಡಿಯನ್ನು ಮೊದಲು ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಹಾಕಿ ನೋಡಿ, ಹೊರೆ ಹೇರಬೇಡಿ. ಮೂವತ್ತು ಎಣಿಸುವ ಪರೀಕ್ಷೆಯನ್ನು ಅದೇ ದಿನ ಒಮ್ಮೆ, ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಆಯಿಲ್ ಮಟ್ಟ ಎಲ್ಲಿತ್ತು, ಯಾವ ದಿನ ಬದಲಾಯಿಸಿದ್ದು, ಏನು ಹಾಕಿದ್ದು ಎಂದು ನಿರ್ಣಯ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಪ್ರತಿ ತಿಂಗಳು ನೋಡುವ ಜವಾಬ್ದಾರಿಯನ್ನು ಇಬ್ಬರು ಸದಸ್ಯೆಯರಿಗೆ ಸರದಿಯಂತೆ ಕೊಡಿ, ಆಗ ವರ್ಷದೊಳಗೆ ಹೆಚ್ಚಿನವರಿಗೆ ಕಲಿತಂತಾಗುತ್ತದೆ. ಉಳಿದ ಬ್ರೇಕ್ ಆಯಿಲನ್ನು ಜ್ಯೂಸ್ ಬಾಟಲಿಯಲ್ಲಿ ತುಂಬಿ ಮನೆಯಲ್ಲಿ ಇಡಬೇಡಿ, ಮಕ್ಕಳು ಕುಡಿದುಬಿಟ್ಟಾರು. ಗಾಡಿಯ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹೊಯ್ದು ತೊಳೆಯಿರಿ, ಬಿಟ್ಟರೆ ಬಣ್ಣ ಎದ್ದು ಬರುತ್ತದೆ. ಹಳೇ ಆಯಿಲನ್ನು ತೋಟಕ್ಕೋ ಬಾವಿಯ ಹತ್ತಿರಕ್ಕೋ ಸುರಿಯದೆ ಗ್ಯಾರೇಜಿನಲ್ಲೇ ಬಿಟ್ಟು ಬನ್ನಿ.